ಇಂಡಿಯಾ ಗೇಟಿಗೆ ಬೆನ್ನು ಹಾಕದ ಮಾವ

ನನ್ನ ಸೋದರಮಾವ ದೆಹಲಿಯಲ್ಲಿ ಯಾರ ಜೊತೆಗೂ ಜಗಳವಾಡಿದವರಲ್ಲ, ಇಂಡಿಯಾ ಗೇಟಿನ ಮುಂದೆ ಫೋಟೋ ತೆಗೆಸಿಕೊಳ್ಳುವವರನ್ನು ಬಿಟ್ಟು. ಅಂದರೆ ಇಡೀ ದೇಶದ ಜೊತೆ! ಪಂಜಾಬಿಗೂ ಬಂಗಾಳಿಗೂ ತಮಿಳರಿಗೂ ಒಂದೇ ಬೈಗುಳ. ರಾಷ್ಟ್ರೀಯ ಐಕ್ಯ ಎಂದರೆ ಇನ್ನೇನು?

ದೇವರ ದರ್ಶನ ಮುಗಿಸಿದವರು ಗರ್ಭಗುಡಿಗೆ ಬೆನ್ನು ಹಾಕದೆ ಹಿಂದಿಂದಕ್ಕೆ ಹೆಜ್ಜೆ ಇಟ್ಟು ಬರುತ್ತಾರಲ್ಲ, ಉಡುಪಿ ಕಡೆಯ ಮಾವನಿಗೆ ಆ ನಿಯಮ ಇಂಡಿಯಾ ಗೇಟಿಗೂ ಅನ್ವಯ. ಅದರ ಗೋಡೆಯ ಮೇಲೆ ಯುದ್ಧದಲ್ಲಿ ಸತ್ತ ಸೈನಿಕರ ಹೆಸರುಗಳಿವೆ, ಅವರಿಗೆ ಬೆನ್ನು ತೋರಿಸಿ ಹಲ್ಲು ಕಿರಿಯುವುದೇ? ಹೀಗೆ ಹಿಂದಕ್ಕೆ ನಡೆದು ಅವರು ಡಿಕ್ಕಿ ಹೊಡೆದ ಐಸ್‌ಕ್ರೀಮ್ ಗಾಡಿ ಒಂದೋ ಎರಡೋ. ನನ್ನ ಡೈರಿಯಲ್ಲಿ ಒಂದಿದೆ, ನೆನಪಿನಲ್ಲಿ ಎರಡು.

ಕಳೆದ ಜನವರಿಯಲ್ಲಿ ನನಗೂ ಸಿಟ್ಟು ಬಂತು. ಕರೋಲ್ ಬಾಗಿನ ಹೋಟೆಲಿನಲ್ಲಿ ನಲವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಮಾವ ಮರುದಿನ ಊರಿಗೆ ಹೊರಟಿದ್ದರು, ಇನ್ನು ಬರುವುದಿಲ್ಲವಂತೆ. ದೆಹಲಿಯಲ್ಲಿ ತೆಗೆದ ಅವರ ಒಂದೇ ಒಂದು ಫೋಟೋವೂ ಇಲ್ಲ! ನನ್ನ ನೆನಪನ್ನು ನಂಬಿ ಕೂರಲು ನಾನೇನು ಹುಚ್ಚಿಯೇ? ಫೋನು ಹಿಡಿದು ಅವರನ್ನು ಇಂಡಿಯಾ ಗೇಟಿನ ಮುಂದೆ ನಿಲ್ಲಿಸಿದೆ.

"ಮಾವ, ಒಂದೇ ಒಂದು. ಈ ಕಡೆ ತಿರುಗಿ."

"ಸಾಧ್ಯವೇ ಇಲ್ಲ ಮಾರಾಯ್ತಿ."

"ಹಾಗಾದ್ರೆ ಹೋಟೆಲಲ್ಲೇ ತೆಗೀಲಾ?"

"ಚಟ್ನಿ ಪಾತ್ರೆಯ ಜೊತೆಗಾ? ದೆಹಲಿ ಅಂದ್ರೆ ಇದು."

ಅಷ್ಟರಲ್ಲಿ ಪಕ್ಕದ ತರುಣನೊಬ್ಬ ಸೆಲ್ಫಿಗೆ ಕೈ ಚಾಚಿದ. ಮಾವ ಸಿಡಿದರು: "ಅರೇ ಭಯ್ಯಾ, ಪೀಠ್ ಮತ್ ದಿಖಾವೋ!" ಬೆನ್ನು ತೋರಿಸಬೇಡ ಎಂದು.

"ಅಂಕಲ್, ಆ ಕಡೆ ತಿರುಗಿದ್ರೆ ಫೋಟೋದಲ್ಲಿರೋದು ನಾನೇ ಅಂತ ಮಮ್ಮಿಗೆ ಹೇಗೆ ಗೊತ್ತಾಗಬೇಕು?" ಎಂದ ಅವನು, ಹಿಂದಿಯಲ್ಲಿ.

"ಅಮ್ಮ ಅಲ್ವಾ? ಬೆನ್ನು ನೋಡಿದ್ರೂ ಗೊತ್ತಾಗ್ತದೆ!"

ಅವನು ನಗುತ್ತ ಹೋದ. ನಾನು ನಗಲಿಲ್ಲ. "ಸತ್ತವರಿಗೆ ಇಷ್ಟು ಮರ್ಯಾದೆ, ಬದುಕಿರೋ ನಮಗೆ ಒಂದು ಮುಖ ಇಲ್ವಾ?" ಎಂದು ಕೂಗಿಯೇ ಬಿಟ್ಟೆ. ಮಾವ ಗೇಟನ್ನೇ ನೋಡುತ್ತ ನಿಂತರು. ರೋಷದಲ್ಲೇ ಹಿಂದಿನಿಂದ ಕ್ಲಿಕ್ಕಿಸಿದೆ: ಮಫ್ಲರು, ಕಾವಲಿಯ ಕಡೆಗೆ ಬಾಗಿ ಬಾಗಿ ಇಳಿದುಹೋದ ಬಲ ಹೆಗಲು, ಆಚೆ ಗೇಟು.

ಮರುದಿನ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಕಾಲಿಗೆ ನಮಸ್ಕಾರ ಮಾಡಿದೆ. ನನಗಿನ್ನೂ ಮುನಿಸಿತ್ತು. "ಚಲೋ, ಬರ್ತೇನೆ" ಎಂದರು. ಕೂಲಿಯವನು ಪೆಟ್ಟಿಗೆ ಹೊತ್ತು ಮುಂದೆ ನಡೆದ. ಮಾವ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ, ಚಹಾ ಗಾಡಿಗೆ ತಾಗಿ, ಬೈಸಿಕೊಂಡು, ಬೋಗಿಯ ಬಾಗಿಲವರೆಗೂ ಹಾಗೆಯೇ ಹೋದರು.

ಕೈಯಲ್ಲಿ ಫೋನಿತ್ತು. ಫೋಟೋ ತೆಗೆಯುವುದು ನನಗೆ ನೆನಪೇ ಆಗಲಿಲ್ಲ.