ತಂಗಳಿನ ಗಡೀಪಾರು

ನಮ್ಮ ಅಪ್ಪನ ರಕ್ತದಲ್ಲಿ ಸಕ್ಕರೆ ಏರಿದ್ದಕ್ಕೆ ಓದಿದವರೇ ನೇರ ಹೊಣೆಗಾರರು. ರಾತ್ರಿ ಉಳಿದ ಜೋಳದ ರೊಟ್ಟಿಯನ್ನೋ ಅನ್ನವನ್ನೋ ಬೆಳಿಗ್ಗೆ ಮೊಸರು, ಶೇಂಗಾ ಚಟ್ನಿಪುಡಿಯೊಂದಿಗೆ ನೆಮ್ಮದಿಯಾಗಿ ತಿನ್ನುತ್ತಿದ್ದ ಶಹಾಪುರದ ಮನೆಗಳಲ್ಲಿ, ತಂಗಳು ತಿನ್ನುವುದು ಹಿಂದುಳಿದವರ ಲಕ್ಷಣವೆಂದು ತೀರ್ಪು ಕೊಟ್ಟವರು ಅವರು. ಈಗ ಅದೇ ಓದಿದವರು ಬೇರೆ ಮಾತು ಬರೆಯುತ್ತಿದ್ದಾರೆ: ಬೇಯಿಸಿ ತಣಿಸಿದ ಅನ್ನದ ಪಿಷ್ಟದಲ್ಲಿ ಒಂದು ಪಾಲು ಸಣ್ಣ ಕರುಳಿಗೆ ಜಗ್ಗದೆ ಮುಂದೆ ಸಾಗಿ, ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಸಕ್ಕರೆ ಕೊಂಚ ನಿಧಾನವಾಗಿ ಏರುತ್ತದೆ. ಇದಕ್ಕೆ ನಿರೋಧಕ ಪಿಷ್ಟವೆಂದು ಹೆಸರು. ಇಷ್ಟು ಗಂಭೀರವಾದ ಹೆಸರು ಮೊದಲೇ ಗೊತ್ತಿದ್ದರೆ ಅವ್ವ ತಂಗಳನ್ನು ಬೀಗರಿಗೂ ಬಡಿಸುತ್ತಿದ್ದಳು.

ಅಪ್ಪ ದರ್ಜಿ. ನಲವತ್ತು ವರ್ಷ ಸೂಜಿಯೊಂದಿಗೆ ಬಾಳಿದವರು ಇಂಜೆಕ್ಷನ್ನಿನ ಸೂಜಿ ಕಂಡರೆ ಚಪ್ಪಲಿ ಹುಡುಕುತ್ತಾರೆ. ಮುಂದಿನ ತಪಾಸಣೆಯಲ್ಲೂ ಸಕ್ಕರೆ ಇಳಿಯದಿದ್ದರೆ ದಿನವೂ ಇನ್ಸುಲಿನ್ ಎಂದು ಯಾದಗಿರಿಯ ಡಾಕ್ಟರು ಹೇಳಿದ ದಿನ ಅವರು ಬಸ್ಸಿನಲ್ಲಿ ಊರು ಬರುವವರೆಗೂ ತಮ್ಮ ತೋಳನ್ನೇ ಸವರಿಕೊಳ್ಳುತ್ತಾ ಕುಳಿತರು. ಮಾತ್ರೆಗಳ ಜೊತೆ ಊಟವನ್ನೂ ತಿದ್ದೋಣವೆಂದು, ಆಹಾರ ವಿಜ್ಞಾನದ ಸ್ನಾತಕೋತ್ತರ ಪದವಿಯ ಸಮಸ್ತ ಅಧಿಕಾರದಿಂದ ನಾನು ಆಜ್ಞೆ ಹೊರಡಿಸಿದೆ: ರಾತ್ರಿಯ ಅನ್ನವನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಉಣ್ಣತಕ್ಕದ್ದು.

ಅಪ್ಪ ಅನುಮಾನ ಬರುವಷ್ಟು ವಿಧೇಯರಾದರು. ಆದರೆ ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರದಲ್ಲಿ ಅಂಕಿ ಏರುತ್ತಲೇ ಹೋಯಿತು. ಒಂದು ಮಧ್ಯಾಹ್ನ ಅವರ ತಾಟು ಇಣುಕಿದೆ. ಹುಣಸಗಿ ಕಡೆಯ ಕಾಲುವೆ ನೀರಿನ ಅಕ್ಕಿಯ ಅನ್ನ, ನಮ್ಮೂರ ಮಲಗಿದ ಬುದ್ಧನ ಗುಡ್ಡದಂತೆ ಉದ್ದಕ್ಕೆ ಒರಗಿತ್ತು.

"ಇಷ್ಟ್ಯಾಕಪ್ಪಾ?" ಎಂದೆ.

"ಖುದ್ದ ನೀನ ಹೇಳಿದ್ದಿ, ಇದು ಜೀರ್ಣ ಆಗಂಗಿಲ್ಲಂತ. ಜೀರ್ಣ ಆಗದ್ದು ಲೆಕ್ಕಕ್ಕ ಹೆಂಗ ಬರ್ತದ? ಅದಕ್ಕ ಎರಡು ಪಟ್ಟು ಉಣ್ಣಾಕತ್ತೀನಿ."

"ಒಂದು ಪಾಲು ಅಷ್ಟ ಅಪ್ಪಾ. ಉಳದದ್ದೆಲ್ಲ ಸಕ್ಕರಿನ ಆಗ್ತದ."

"ಪಾಲು ಅಂದ್ರ ಎಷ್ಟು? ನಾ ಒಂದು ಅಂಗಿ ಕತ್ತರಸೂಕಿಂತ ಮೊದಲ ಟೇಪ್ ಹಿಡೀತೀನಿ. ನೀ ಏನ ಹಿಡದಿದ್ದಿ?"

ಒಲೆಯ ಮುಂದಿನಿಂದ ಅವ್ವ ಸೇರಿಸಿದಳು: "ಆಕೀನ್ನ ಏನ ಕೇಳ್ತೀರಿ. ಕಲಬುರಗಿಯಿಂದ ಕಾಲೇಜ ಸೂಟಿಗೆ ಬಂದಾಗ 'ಇನ್ನೂ ತಂಗಳ ತಿಂತೀರೇನು' ಅಂತ ಭಾಷಣ ಮಾಡಿ, ರೊಟ್ಟಿ ಎಲ್ಲಾ ಎಮ್ಮಿಗೆ ಹಾಕಿಸಿದಾಕಿ ಈಕೀನ. ಎಮ್ಮಿ ಆರಾಮ ಅದ. ನಮಗ ಸಕ್ಕರಿ ಬಂತು."

ನನಗೆ ಆ ಭಾಷಣ ಮರೆತೇಹೋಗಿತ್ತು. ಈಗ ಅದರ ಪೀಠಿಕೆ, ಉಪಸಂಹಾರ ಎರಡೂ ನೆನಪಾದವು.

ಆದಕಾರಣ, ಒಂದೇ ಮನೆಯ ಆಹಾರ ನೀತಿಯನ್ನು ಎರಡು ಬಾರಿ ತಿರುವಿಹಾಕಿದ ಪದವೀಧರೆಯಾದ ನನ್ನನ್ನು ನಾನೇ ಸವಿನಯವಾಗಿ ಕೋರುವುದೇನೆಂದರೆ: ತಣ್ಣನೆಯ ಅನ್ನವೂ ಅನ್ನವೇ, ಔಷಧವಲ್ಲ ಎಂಬುದನ್ನು ಆಜ್ಞೆಯ ಜೊತೆಗೇ ಏಕೆ ತಿಳಿಸಲಿಲ್ಲವೆಂದು ತಂದೆಯವರಿಗೆ ಸಮಜಾಯಿಷಿ ನೀಡಬೇಕು. ತಪಾಸಣೆಗೆ ಉಳಿದಿರುವ ಎರಡು ತಿಂಗಳು ಅವರ ಪಕ್ಕದಲ್ಲೇ ಕುಳಿತು, ಅಳೆದು ಬಡಿಸಿದಷ್ಟೇ ತಂಗಳನ್ನು ತಾನೂ ಉಣ್ಣಬೇಕು. ಮತ್ತು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ತಾನು ಮಾತ್ರ ಹಬೆಯಾಡುವ ಅನ್ನಕ್ಕೆ ತುಪ್ಪ ಸುರಿದುಕೊಂಡು ತಿನ್ನುವುದನ್ನು ಇಂದಿನಿಂದಲೇ ನಿಲ್ಲಿಸಿ, ಕೈಗೊಂಡ ಕ್ರಮವನ್ನು ಅವ್ವನಿಗೆ ವರದಿ ಮಾಡಬೇಕು.