ಪತಿ ಪ್ರತಿನಿಧಿ ತಪಾಸಣಾ ಶಿಬಿರ

ಹೆಣ್ಣುಮಕ್ಕಳನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ಕ್ಯಾನ್ಸರುಗಳಲ್ಲಿ ಸ್ತನದ್ದೂ ಗರ್ಭಕಂಠದ್ದೂ ಮುಂಚೂಣಿಯಲ್ಲಿ ಇರುವುದರಿಂದ, ಸಿರುಗುಪ್ಪ ತಾಲೂಕಿನ ಒಂದು ಊರಿನಲ್ಲಿ ನಡೆದ ಉಚಿತ ತಪಾಸಣಾ ಶಿಬಿರಕ್ಕೆ ನಲವತ್ತೆರಡು ಗಂಡಸರು ಹಾಜರಾದರು. ಇದರಲ್ಲಿ ಹಲ್ಲು ಕಿಸಿಯುವಂಥದ್ದೇನೂ ಇಲ್ಲ. ಪಂಚಾಯ್ತಿ ಸದಸ್ಯೆ ದಾಕ್ಷಾಯಣಮ್ಮನ ಬದಲು ಸಭೆಯಲ್ಲಿ ಕೂರುವವನು, ಕೈ ಎತ್ತುವವನು, ಒಗ್ಗರಣಿ-ಮಿರ್ಚಿ ತಿಂದು ಬರುವವನು ಆಕೆಯ ಗಂಡ ಕೊಟ್ಟೂರಪ್ಪನೇ. ಊರಲ್ಲಿ ನಡೆದುಬಂದದ್ದೇ ಹಾಗೆ. ಎದೆಯೊಂದರ ವಿಷಯಕ್ಕೆ ಬೇರೆ ಪದ್ಧತಿ ಯಾರು ಮಾಡುತ್ತಾರೆ?

ಶಿಬಿರದ ಅಧಿಕಾರಿ ಸಂಗಮೇಶ್ ಅಂದೇ ನಿಯಮ ಹೊರಡಿಸಿದರು: "ಫಲಾನುಭವಿ ಮಹಿಳೆಯ ಅನುಪಸ್ಥಿತಿಯಲ್ಲಿ ಆಕೆಯ ಪತಿಯ ದೇಹವನ್ನೇ ಸದರಿ ಮಹಿಳೆಯ ದೇಹವೆಂದು ಪರಿಗಣಿಸತಕ್ಕದ್ದು." ಪರಿಗಣಿಸಲಾಯಿತು. ಯಾರ ಎದೆಯಲ್ಲೂ ಗಂಟು ಸಿಗಲಿಲ್ಲ. ಗರ್ಭಕಂಠದ ಕಾಲಮ್ಮಿನಲ್ಲಿ "ಕಂಡುಬಂದಿರುವುದಿಲ್ಲ" ಎಂದು ಬರೆದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ದಾಕ್ಷಾಯಣಮ್ಮನಿಗೂ ಇದೆಲ್ಲ ಒಪ್ಪಿಗೆಯಾಗುತ್ತಿತ್ತು. ಆದರೆ ಪಾಪ, ಎಡ ಎದೆಯಲ್ಲಿ ಆಕೆಯ ಬೆರಳಿಗೆ ಹುಣಸೆಬೀಜದಷ್ಟು ಗಂಟು ಸಿಕ್ಕಿತ್ತು. ಎರಡು ತಿಂಗಳಾದರೂ ಕರಗಿರಲಿಲ್ಲ. ಹೆದರಿಕೆಯಾಗಿ, ಅಂದು ಮಧ್ಯಾಹ್ನ ಸೆರಗು ಹೊದ್ದು ತಾನೇ ಶಿಬಿರಕ್ಕೆ ಹೋದಳು.

"ಸಾಹೇಬ್ರ, ನನ್ನ ಎದಿಯಾಗ ಗಂಟು ಐತ್ರಿ. ಒಮ್ಮೆ ನನ್ನ ನೋಡ್ರಿ."

ಸಂಗಮೇಶ್ ರಿಜಿಸ್ಟರ್ ತಿರುವಿದರು. "ನಿಮ್ಮನ್ನ ಮುಂಜಾನೇನ ನೋಡೀವಲ್ಲಮ್ಮ. ಯಜಮಾನ್ರು ಅಂಗಿ ಬಿಚ್ಚಿ ತೋರಿಸ್ಯಾರ. ಸಹಿನೂ ಐತಿ."

ಹಾಗಂತ ಅವರದು ಕಲ್ಲುಮನಸ್ಸಲ್ಲ. ದೂರನ್ನು ದಾಖಲಿಸಿಕೊಂಡು, ಗಂಟು ಇದೆ ಎಂದು ತಿದ್ದಿ, ಬಳ್ಳಾರಿಯ ಒಂದು ಆಸ್ಪತ್ರೆಗೆ ಚೀಟಿ ಬರೆದರು. ಮಾರನೇ ದಿನ ಆ ಚೀಟಿ ಹಿಡಿದು ಕೊಟ್ಟೂರಪ್ಪ ಬಸ್ಸು ಹತ್ತಿದ. ಹೆಂಡತಿಯ ಹೆಸರಿನಲ್ಲಿ ದಾಖಲಾದ, ಹೇಳಿದಷ್ಟು ಗುಳಿಗೆ ನುಂಗಿದ, ವಾರದಲ್ಲಿ ಮುಖ ಸಣ್ಣಗೆ ಮಾಡಿಕೊಂಡ. ಕುರುಗೋಡಿನ ಬೀಗರು ಹಣ್ಣು ಹಿಡಿದು ಬಂದು ಮಾತಾಡಿಸಿದರು. ಹೆಣ್ಣುಮಕ್ಕಳ ಜಡ್ಡು ಬಲು ಕೆಟ್ಟದ್ದು, ಬೇಗ ತೋರಿಸಿದ್ದು ಚಲೋ ಆಯಿತು ಎಂದು ಅವನಿಗೇ ಸಮಾಧಾನ ಹೇಳಿದರು.

ಅವನು ಊರಿಗೆ ಬಂದ ದಿನ ಸಂಗಮೇಶ್ ಶಾಲು ಹೊದಿಸಿ "ಗುಣಮುಖ ಮಹಿಳೆ" ಪ್ರಮಾಣಪತ್ರ ಕೊಟ್ಟರು. ಊರೆಲ್ಲ ಚಪ್ಪಾಳೆ ತಟ್ಟಿತು.

ಮನೆಗೆ ಬಂದ ಮೇಲೆ ದಾಕ್ಷಾಯಣಮ್ಮ ಮೆಲ್ಲಗೆ, ಗಂಟು ಇನ್ನೂ ಹಾಗೇ ಇದೆ, ಈಗ ದೊಡ್ಡದಾಗಿದೆ ಎಂದಳು. ಕೊಟ್ಟೂರಪ್ಪನಿಗೆ ನಿಜಕ್ಕೂ ನೋವಾಯಿತು.

"ಹೆಂಗಿರತೈತಿ? ಆರಾಮ ಆಗೇತಿ ಅಂತ ನಾನ ಸಹಿ ಮಾಡಿ ಬಂದೀನಿ."

ಸಹಿ ಮಾಡಿದ ಮೇಲೆ ಮಾತು ಮುಗಿಯಿತು. ಡಾಕ್ಟರು ಹೇಳಿದಂತೆ ಆಕೆ ಅವನಿಗೆ ಗಂಜಿ ಕಾಸಿದಳು, ಮೇಲೊಂದಿಷ್ಟು ತುಪ್ಪ ಬಿಟ್ಟಳು. ಬಲಗೈಯೊಂದರಲ್ಲೇ ಗಂಗಾಳ ತಂದು ಮುಂದಿಟ್ಟಳು. ಎಡಗೈ ಈಗ ಮೇಲೇಳುತ್ತಿರಲಿಲ್ಲ.