ಹಗೇವಿನಲ್ಲಿಟ್ಟ ಕೆಂಪು ವೈನ್

ನಮ್ಮ ಸೋದರಮಾವನನ್ನು ಕುಡುಕ ಎಂದು ಯಾರಾದರೂ ಅಂದರೆ ನಾನು ಸುತರಾಂ ಒಪ್ಪುವುದಿಲ್ಲ. ಕುಡಿಯುವುದೊಂದನ್ನು ಬಿಟ್ಟು ವೈನಿಗೆ ಮನುಷ್ಯ ಏನೇನು ಮಾಡಬಹುದೋ ಅಷ್ಟನ್ನೂ ಮಾಡುತ್ತಾರೆ! ಬೆಳಕಿಗೆ ಹಿಡಿಯುತ್ತಾರೆ, ಮೂಸುತ್ತಾರೆ, ಹೊಗಳುತ್ತಾರೆ. ಅಷ್ಟರಲ್ಲಿ ತಟ್ಟೆಯ ಮುದ್ದೆ ಆರಿ ಕಲ್ಲಾಗಿರುತ್ತದೆ.

ಕೆ.ಆರ್.ಎಸ್. ಅಣೆಕಟ್ಟೆಯಲ್ಲಿ ಜೀವನವಿಡೀ ನೀರು ಅಳೆದು, ನಿವೃತ್ತರಾಗಿ ನಾಗಮಂಗಲದ ಹತ್ತಿರ ತಮ್ಮೂರು ಸೇರಿದವರಿಗೆ ಈ ಹುಚ್ಚು ಹತ್ತಿಸಿದ್ದು ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವ ಗೆಳೆಯರು.

"ಅಷ್ಟು ಬಿಸ್ಲಲ್ಲಿ ಬೆಳೆದ್ರೂ ಜೋರು ಮಾಡಾಕಿಲ್ಲ ಕಣವ್ವ ಇದು. ಮೆತ್ತಗೆ ಮಾತಾಡ್ತದೆ," ಎನ್ನುತ್ತಾರೆ ಮಾವ ನನ್ನ ಕಡೆ ತಿರುಗಿ.

"ನಿಮ್ಮಂಗಲ್ಲ ಬುಡಿ," ಎನ್ನುತ್ತಾರೆ ಅತ್ತೆ.

ಪಾಪ, ಅತ್ತೆ! ಹೋದ ವರ್ಷದ ಜ್ವರದಲ್ಲಿ ಅವರ ಮೂಗು ಸತ್ತೇಹೋಗಿತ್ತು. ಮಸಾಲೆ ಹುರಿದ ಹದ ತಿಳಿಯದೆ ಒಲೆಯನ್ನೇ ಸೊಸೆಗೆ ಬಿಟ್ಟುಕೊಟ್ಟಿದ್ದರು. ಬೀದಿಗೆಲ್ಲ ಬಸ್ಸಾರು ಕಲಿಸಿದ ಕೈ ಅದು!

ಮಾವ ಸೋಲುವವರೇ? ಬಾಟಲಿ ತೆರೆದಾಗಲೆಲ್ಲ ಲೋಟವನ್ನು ಅತ್ತೆಯ ಮೂಗಿಗೆ ಹಿಡಿಯುವರು.

"ನೇರಳೆಹಣ್ಣು?"

"ಇಲ್ಲ."

"ಲವಂಗ?"

"ಇಲ್ಲಾರೀ. ಉಣ್ಣಾಕೆ ಏಳ್ತೀರೋ, ಮುದ್ದೇನೂ ಮೂಸ್ತಾ ಕುಂತ್ಕತೀರೋ?"

ಮದುವೆಯ ನಲವತ್ತನೇ ವರ್ಷಕ್ಕೆಂದು ಒಂದು ಬಾಟಲಿ ಎತ್ತಿಟ್ಟರು. ಎಲ್ಲಿ? ಫ್ರಿಜ್ಜಿನಲ್ಲಲ್ಲ, ಹಿತ್ತಲಿನ ಹಗೇವಿನಲ್ಲಿ! ಅಜ್ಜನ ಕಾಲದಲ್ಲಿ ರಾಗಿ ತುಂಬುತ್ತಿದ್ದ ನೆಲದಡಿಯ ಗುಂಡಿ, ಬೇಸಿಗೆಯಲ್ಲೂ ತಂಪು. ಆ ದಿನ ನಾನು ಪಾಂಡವಪುರದಿಂದ ಹೋದಾಗ ಮಾವ ಹಗೇವಿನ ಬಾಯಿ ತೆರೆದು, ಕೆಟ್ಟ ಗಾಳಿಗೆ ದೀಪ ಆರುತ್ತದೋ ಎಂದು ಲಾಟೀನು ಇಳಿಬಿಟ್ಟು ಕಾಯುತ್ತಿದ್ದರು. ಬಾಟಲಿಗೆ ಹಗ್ಗ ಕಟ್ಟಿತ್ತು, ಯಾರೂ ಇಳಿಯಬೇಕಿರಲಿಲ್ಲ. ಆದರೂ ಪದ್ಧತಿ ಪದ್ಧತಿಯೇ!

ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೂಗಿದರು: "ಏನ್ಲಾ, ರಾಗಿ ತೆಗೀತಿದ್ದೀಯಾ?"

"ವೈನು ಕಣ್ಲಾ!"

"ನಮ್ಮಪ್ಪನೂ ಬಾಟ್ಲಿ ಬಚ್ಚಿಡ್ತಿದ್ದ. ಇಷ್ಟು ಆಳಕ್ಕೆ ಓಗಿರ್ಲಿಲ್ಲ ಬುಡು!"

ಧೂಳು ಮೆತ್ತಿದ ಬಾಟಲಿ ಮೇಲೆ ಬಂತು. ಒರೆಸಲೆಂದು ಸೆರಗು ಹಿಡಿದ ಅತ್ತೆ ಹಾಗೇ ನಿಂತುಬಿಟ್ಟರು. ಬಾಟಲಿಯನ್ನು ಮೂಗಿನ ಹತ್ತಿರ ತಂದರು.

"ರೀ... ಹಗೇವು ರಾಗಿ ವಾಸ್ನೆ ಬತ್ತಾದೆ ಕಣ್ರೀ."

ಅದು ವೈನಿನದಲ್ಲ, ಬರೀ ಧೂಳಿನದು! ಅತ್ತೆ ನೇರ ಅಡುಗೆಮನೆಗೆ ಹೋಗಿ ಬಾಣಲೆಗೆ ಕೊತ್ತಂಬರಿ ಬೀಜ ಹಾಕಿದರು. ಮಾವ ಲೋಟ ಮರೆತು ಒಲೆಯ ಪಕ್ಕದಲ್ಲೇ ಕುಳಿತರು.

ವೈನ್ ಮುಗಿದು ತಿಂಗಳುಗಳಾದವು. ಖಾಲಿ ಬಾಟಲಿ ಮಾತ್ರ ದೇವರ ಗೂಡಿನ ಪಕ್ಕದಲ್ಲಿ ಧೂಳಿನ ಸಮೇತ ನಿಂತಿದೆ. ಒರೆಸಲು ಮಾವ ಯಾರಿಗೂ ಬಿಡುವುದಿಲ್ಲ.